ಕರೆಂಟಿಲ್ಲದ ಮನೆಯೇ ಬೇಕಂತೆ

ಬ್ರಾಡ್‌ಫರ್ಡ್, ಇಂಗ್ಲೆಂಡ್
11 ಜನವರಿ 1996

ಪ್ರೀತಿಯ ಫೊನ್ಸಿನ್ ಅಕ್ಕ,

ಕ್ರಿಸ್‌ಮಸ್‌ಗೆಂದು ನೀನು ಕಳಿಸಿದ ಕಪ್ಪು ಕೇಕು ಹೊಸ ವರ್ಷ ಕಳೆದ ಮೇಲೆ ತಲುಪಿತು. ಅಂಚೆಯವನು ಪೊಟ್ಟಣ ಕೊಡುವಾಗ ನನ್ನ ಮುಖವನ್ನೇ ಒಂಥರಾ ನೋಡಿದ. ನೀನು ಹಾಕಿದ ರಮ್ಮಿನ ವಾಸನೆ ಅವನ ಚೀಲಕ್ಕೆಲ್ಲ ಹತ್ತಿತ್ತು.

ಈಗ ಒಂದು ಕೆಲಸದ ಮಾತು. ನಮ್ಮ ಚರ್ಚಿನ ಸಭಾಂಗಣದಲ್ಲಿ ಪ್ರತಿ ಗುರುವಾರ ಒಂದು ಗುಂಪು ಸೇರುತ್ತದೆ. 'ಭೂಮಿಯ ಗೆಳೆಯರು' ಎಂದು ಹೆಸರು. ಆಸ್ಪತ್ರೆಯ ಅಡುಗೆಮನೆಯಿಂದ ನಿವೃತ್ತಳಾದ ಮೇಲೆ ನಾನೂ ಹೋಗುತ್ತಿದ್ದೇನೆ. ಅಲ್ಲಿ ಚಹಾ ಚೆನ್ನಾಗಿರುತ್ತದೆ. ಅವರಲ್ಲಿ ಹತ್ತು ಮಂದಿಗೆ ಈ ಏಪ್ರಿಲ್‌ನಲ್ಲಿ ನಮ್ಮ ಡೊಮಿನಿಕಾ ದ್ವೀಪ ನೋಡುವ ಮನಸ್ಸಾಗಿದೆ. ಆದರೆ ಎಲ್ಲೆಂದರಲ್ಲಿ ಇಳಿದುಕೊಳ್ಳುವ ಜನ ಇವರಲ್ಲ. ನೆಲಕ್ಕೂ ನೀರಿಗೂ ಕೇಡು ಮಾಡದ ವಸತಿಯೇ ಆಗಬೇಕು. ಅಂಥ ಜಾಗ ಹುಡುಕುವ ಸಮಿತಿಗೆ ಊರಿನವಳೆಂದು ನನ್ನನ್ನೂ ಸೇರಿಸಿಕೊಂಡಿದ್ದಾರೆ. ನಾನು ಎರಡು ಹೆಸರು ಕೊಟ್ಟೆ. ಒಂದು, ಕೊಲ್ಲಿಯ ಹತ್ತಿರ ವಿನ್ಸ್ಲೋ ರಿಶಾರ್ ಹೊಸದಾಗಿ ಕಟ್ಟಿಸಿರುವ 'ಹಸಿರು ಗಿಳಿ' ಹೋಟೆಲು. ಇನ್ನೊಂದು, ಮಾರ್ನ್ ಸಿಟ್ರೋನ್ ಗುಡ್ಡದ ಮೇಲಿನ ನಮ್ಮ ಮನೆ. ನೀನು ನಾಲ್ಕು ಕೋಣೆ ಬಾಡಿಗೆಗೆ ಕೊಡುತ್ತೀಯಲ್ಲ, ಅದು.

ಪ್ರಶ್ನೆಗಳ ಹಾಳೆ ಇದರ ಜೊತೆಗಿದೆ. ಉತ್ತರ ಬರೆದು ಕಳಿಸು. ನೀನು ನನ್ನ ಅಕ್ಕ ಎಂದು ಸಮಿತಿಗೆ ಹೇಳಿಲ್ಲ, ಪಕ್ಷಪಾತ ಅಂದುಕೊಳ್ಳುತ್ತಾರೆ. ಆದ್ದರಿಂದ ಉತ್ತರದಲ್ಲಿ ನನ್ನನ್ನು 'ಲಾಲಿ' ಎಂದು ಕರೆಯಬೇಡ.

ನಿನ್ನ ತಂಗಿ,
ಯೂಲಾಲಿ


ಮಾರ್ನ್ ಸಿಟ್ರೋನ್, ಡೊಮಿನಿಕಾ
6 ಫೆಬ್ರವರಿ 1996

ಮಾನ್ಯ ಸಮಿತಿಯ ಯೂಲಾಲಿ ಅಮ್ಮನವರಿಗೆ,

ನಿಮ್ಮ ಹಾಳೆ ತಲುಪಿತು. ಹದಿನಾಲ್ಕು ಪ್ರಶ್ನೆಗಳಲ್ಲಿ ಐದು ಕಸದ ಬಗ್ಗೆಯೇ ಇವೆ. ಬರುವ ಅತಿಥಿಗಳು ಮಲಗುವುದು ಮಂಚದ ಮೇಲೋ ಕಸದ ಬುಟ್ಟಿಯಲ್ಲೋ ಎಂದು ಕೇಳುವ ಮನಸ್ಸಾಗಿತ್ತು. ಕೇಳಲಿಲ್ಲ. ನಮ್ಮ ಮನೆಯ ಮರ್ಯಾದೆ ದೊಡ್ಡದು.

ಸ್ನಾನದ ನೀರು: ನಲ್ಲಿಯಲ್ಲಿ ಬರುತ್ತದೆ. ಬಿಸಿಯದ್ದು ಬೇರೆ, ತಣ್ಣನೆಯದ್ದು ಬೇರೆ. ಯಾರೂ ಬುಗ್ಗೆಯ ತನಕ ನಡೆಯಬೇಕಾಗಿಲ್ಲ.

ದೀಪ: ಪ್ರತಿ ಕೋಣೆಗೂ ಎರಡೆರಡು ವಿದ್ಯುತ್ ದೀಪ. ತಣ್ಣನೆ ಗಾಳಿ ಬಿಡುವ ಪೆಟ್ಟಿಗೆಯೂ ಇದೆ. ಹಗಲೂ ರಾತ್ರಿ ಓಡುತ್ತದೆ.

ಮನೆ ಯಾವುದರಿಂದ ಕಟ್ಟಿದ್ದು: ಅಪ್ಪಟ ಸಿಮೆಂಟು. ಮರವೆಂಬುದೇ ಇಲ್ಲ.

ಊಟ: ಎಲ್ಲವೂ ಹಡಗಿನಲ್ಲಿ ಬಂದ ಡಬ್ಬಿಯದು. ಬಟಾಣಿ, ಸಾಸೇಜು, ಸಕ್ಕರೆ ಪಾಕದ ಪೀಚ್ ಹಣ್ಣು. ಹಿತ್ತಲಲ್ಲಿ ಬೆಳೆದ ಕೆಸುವಿನ ಗೆಡ್ಡೆ, ದೀವಿಹಲಸು ಬಡಿಸಿ ಇಂಗ್ಲೆಂಡಿನವರಿಗೆ ಅವಮಾನ ಮಾಡುವವಳು ನಾನಲ್ಲ.

ಕೀಟಗಳ ಬಗ್ಗೆ: ದಿನಕ್ಕೆ ಎರಡು ಸಲ ಔಷಧಿ ಹೊಡೆಯುತ್ತೇನೆ. ರೋಸೋ ಪೇಟೆಯಲ್ಲಿ ಸಿಗುವುದರಲ್ಲೇ ಖಾರವಾದದ್ದು. ಸೊಳ್ಳೆಯ ಜೊತೆಗೆ ಹಲ್ಲಿಗಳೂ ಮನೆ ಬಿಟ್ಟು ಹೋಗಿವೆ.

ವಿನ್ಸ್ಲೋ ರಿಶಾರ್ ಅವರ ಹೋಟೆಲಿನಲ್ಲಿ ಇಷ್ಟೆಲ್ಲ ಇದೆಯೋ ಇಲ್ಲವೋ ವಿಚಾರಿಸಿ ನೋಡಿ.

ಇತಿ,
ಆಲ್ಫೊನ್ಸಿನ್ ಜ್ನೋ, ಮನೆಯ ಒಡತಿ


ಬ್ರಾಡ್‌ಫರ್ಡ್
22 ಫೆಬ್ರವರಿ 1996

ಅಕ್ಕ,

ಏನು ಮಾಡಿಬಿಟ್ಟೆ ನೀನು.

ಲಕೋಟೆ ಬಂದದ್ದು ಗುರುವಾರ ಬೆಳಿಗ್ಗೆ. ಒಡೆದು ಓದದೆ ನೇರವಾಗಿ ಸಭೆಗೆ ತೆಗೆದುಕೊಂಡು ಹೋದೆ. ನಿನ್ನ ಮೇಲೆ ಅಷ್ಟು ನಂಬಿಕೆ. ನಮ್ಮ ಅಧ್ಯಕ್ಷೆ ಡೋರೀನ್ ಹಾರ್ಗ್ರೀವ್ ಎದ್ದು ನಿಂತು ಗಟ್ಟಿಯಾಗಿ ಓದಿದರು. ಎಪ್ಪತ್ತೆರಡು ವರ್ಷದ ಹೆಂಗಸು, ಮಾತು ಕಡಿಮೆ. 'ಮರವೆಂಬುದೇ ಇಲ್ಲ' ಎಂಬಲ್ಲಿಗೆ ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡರು. ಹಲ್ಲಿಗಳು ಮನೆ ಬಿಟ್ಟ ಸಾಲಿಗೆ ಹಿಂದಿನ ಬೆಂಚಿನಲ್ಲಿ ಯಾರೋ ಅತ್ತರು.

ಆಮೇಲೆ ನನ್ನ ಕಡೆ ತಿರುಗಿ, "ಯೂಲಾಲಿ, ಈ ಹೆಂಗಸು ನಿಮಗೆ ಎಷ್ಟು ಪರಿಚಯ?" ಅಂದರು.

"ಅಷ್ಟಕ್ಕಷ್ಟೇ," ಅಂದೆ. ದೇವರು ಕ್ಷಮಿಸಲಿ.

ಅಕ್ಕ, ಈ ಜನ ಹುಡುಕುತ್ತಿರುವುದು ಇದಕ್ಕೆ ತದ್ವಿರುದ್ಧವಾದದ್ದನ್ನು. ಅವರಿಗೆ ಕರೆಂಟಿಲ್ಲದ ಮನೆ ಬೇಕು. ಬುಗ್ಗೆಯ ನೀರು, ಹೊಳೆಯ ಸ್ನಾನ, ಹಿತ್ತಲಿನ ಕೆಸುವು, ಇದ್ದಿಲಿನ ಒಲೆ, ಮರದ ಗೋಡೆ, ಗೋಡೆಯ ಮೇಲೆ ಹಲ್ಲಿ, ಎಲ್ಲವೂ ಬೇಕು. ನಾನು ಬಿಟ್ಟು ಬಂದಾಗ ನಮ್ಮ ಮನೆ ಹೇಗಿತ್ತೋ ಹಾಗೆ. ಅದಕ್ಕೇ ಆ ಹೆಸರು ಕೊಟ್ಟದ್ದು. ಆ ಮನೆಯನ್ನು ಯಾವಾಗ ಕೆಡವಿ ಸಿಮೆಂಟು ಹಾಕಿಸಿದೆ? ನನಗೆ ಒಂದು ಮಾತು ಬರೆಯಬಾರದಿತ್ತೇ? ಅಮ್ಮ ಕೂರುತ್ತಿದ್ದ ಮುಂದಿನ ಜಗಲಿಯೂ ಹೋಯಿತೇ?

ನಿಜ ಬರೆ.

ಲಾಲಿ


ಮಾರ್ನ್ ಸಿಟ್ರೋನ್
9 ಮಾರ್ಚ್ 1996

ಲಾಲಿ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಆಮೇಲೆ ಪಕ್ಕದ ಮನೆಯ ಸೆಪ್ಟಿಮಸ್‌ಗೆ ಓದಿ ಹೇಳಿದೆ. ಅವನು ಬಡಗಿ, ನಿಧಾನಕ್ಕೆ ಯೋಚಿಸುವವನು. ಉಳಿ ಕೆಳಗಿಟ್ಟು, "ಪಾಪ, ಇಂಗ್ಲೆಂಡಿನವ್ರಿಗೆ ಏನ್ ಕಷ್ಟ ಬಂತೋ," ಅಂದ.

"ಕಷ್ಟ ಅಲ್ವಂತೆ ಕಣೋ, ಆಸೆಯಂತೆ," ಅಂದೆ.

"ಕತ್ತಲಲ್ಲಿ ಕೂರೋ ಆಸೆ ಇದ್ರೆ ಅವ್ರ ಮನೇಲೇ ದೀಪ ಆರಿಸ್ಕೊಂಡು ಕೂರ್ಲಿ. ಸಮುದ್ರ ದಾಟಿ ಬರ್ಬೇಕಾ?"

ಇದಕ್ಕೆ ಉತ್ತರ ನಿನ್ನ ಹತ್ತಿರ ಇದ್ದರೆ ಬರೆ.

ನಿಜ ಕೇಳಿದೆಯಲ್ಲ, ತೆಗೆದುಕೋ. ಏನೂ ಬದಲಾಗಿಲ್ಲ. ನೀನು ಹೋದಾಗ ಕರೆಂಟಿನ ಕಂಬ ಸೆಪ್ಟಿಮಸ್‌ನ ಬೇಲಿಯ ಹತ್ತಿರ ನಿಂತಿತ್ತು. ಈಗಲೂ ಅಲ್ಲೇ ನಿಂತಿದೆ. ಗೋಡೆಗಳು ಅಪ್ಪ ಕೊಯ್ಯಿಸಿದ ಹಲಗೆಗಳೇ. ಜಗಲಿ ಇದೆ. ಹಲ್ಲಿಗಳಂತೂ ಬಾಡಿಗೆ ಕೊಡುವವರಿಗಿಂತ ಹೆಚ್ಚಿವೆ. ನಾನು ಬರೆದದ್ದೆಲ್ಲ ಸುಳ್ಳು. ಇಂಗ್ಲೆಂಡಿನ ಸಮಿತಿಯ ಮುಂದೆ ನಿನಗೆ ತಲೆ ತಗ್ಗಿಸುವ ಹಾಗೆ ಆಗಬಾರದೆಂದು ಬರೆದೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಕಾಗದ ಅಂಚೆಗೆ ಹಾಕಿದ ಮೇಲೆ ಬರೆದದ್ದನ್ನು ನಿಜ ಮಾಡಲು ಹೊರಟೆ. ಮುಚ್ಚಿಹೋದ ಸಿನಿಮಾ ಟೆಂಟಿನ ಡೀಸೆಲ್ ಜನರೇಟರನ್ನು ಸೆಪ್ಟಿಮಸ್ ಎಲ್ಲಿಂದಲೋ ತಂದ. ಒಂದು ಸಲ ಓಡಿಸಿದೆವು. ಕೋಳಿಗಳು ಅಂದಿನಿಂದ ಮೊಟ್ಟೆ ಇಡುತ್ತಿಲ್ಲ. ಆಮೇಲೆ ಕಾಲುಗಳಿರುವ ಬಿಳಿ ಸ್ನಾನದ ತೊಟ್ಟಿಯೊಂದನ್ನು ಎಂಟು ಗಂಡಸರು ಗುಡ್ಡ ಹತ್ತಿಸಿದರು. ಅದು ಬಾಗಿಲಲ್ಲಿ ಹಿಡಿಯಲಿಲ್ಲ. ಅಂಗಳದಲ್ಲಿ ಲಿಂಬೆ ಗಿಡದ ಕೆಳಗೆ ಕೂತಿದೆ, ಯಾರೋ ದೊಡ್ಡ ಮನುಷ್ಯರು ಬಂದು ಕಾಯುತ್ತಿರುವ ಹಾಗೆ. ಈಗ ನೀನು ಇವೆಲ್ಲ ಬೇಡವೆನ್ನುತ್ತೀ. ಎಂಟು ಜನರನ್ನು ಮತ್ತೆ ಕರೆದರೆ ನನ್ನನ್ನೇ ಹೊತ್ತುಕೊಂಡು ಹೋಗಿ ಹೊಳೆಗೆ ಹಾಕುತ್ತಾರೆ.

ಇನ್ನೊಂದು ವಿಷಯ ನಿನಗೆ ತಿಳಿಸಿರಲಿಲ್ಲ. ವಿನ್ಸ್ಲೋ ಹೋಟೆಲು ತೆರೆದ ಮೇಲೆ ಈ ಗುಡ್ಡಕ್ಕೆ ಯಾರೂ ಹತ್ತಿ ಬರುತ್ತಿಲ್ಲ. ಎರಡು ವರ್ಷದಿಂದ ನಾಲ್ಕು ಕೋಣೆಯೂ ಖಾಲಿ. ಅವನು ಮನೆ, ಜಾಗ ಎಲ್ಲ ಕೊಂಡುಕೊಳ್ಳುತ್ತಾನಂತೆ. "ಅತ್ತೆ, ನೀವು ಪೇಟೆಯಲ್ಲಿ ಸುಖವಾಗಿರಿ, ಇಲ್ಲೇನಿದೆ ಬರೀ ಕಲ್ಲು," ಅಂತಾನೆ. ಅವನಿಗೆ ನಾನು ಯಾವ ಅತ್ತೆಯೂ ಅಲ್ಲ. ಈಸ್ಟರ್ ಕಳೆದ ಮೇಲೆ ರುಜು ಹಾಕುತ್ತೇನೆ ಎಂದಿದ್ದೇನೆ. ನಿನಗೆ ಆ ಜಾಗದಲ್ಲಿ ಆಸೆಯಿದ್ದಂತೆ ಇಷ್ಟು ವರ್ಷ ಕಾಣಲಿಲ್ಲ. ಅಮ್ಮ ತೀರಿಕೊಂಡಾಗಲೇ ರಜೆ ಸಿಗಲಿಲ್ಲವೆಂದು ಬರಲಿಲ್ಲ ನೀನು.

ಫೊನ್ಸಿನ್


ಬ್ರಾಡ್‌ಫರ್ಡ್
21 ಮಾರ್ಚ್ 1996

ಅಕ್ಕ,

ಅವಸರದಲ್ಲಿ ಬರೆಯುತ್ತಿದ್ದೇನೆ. ದಯವಿಟ್ಟು ರುಜು ಹಾಕಬೇಡ. ಅವರು ಬಂದು ಹೋಗುವ ತನಕವಾದರೂ ತಡೆ.

ಸಮಿತಿಯ ಮುಂದೆ ಎದ್ದು ನಿಂತು, ಆ ಮನೆಯ ಒಡತಿಗೆ ಪ್ರಶ್ನೆಗಳು ತಿಳಿಯಲಿಲ್ಲ, ಉತ್ತರಗಳನ್ನೆಲ್ಲ ತಿರುಗಾಮುರುಗಾ ಓದಿಕೊಳ್ಳಿ ಎಂದೆ. ನಂಬಿದವರು ಕಡಿಮೆ. ಕೊನೆಗೆ ಮಿಸೆಸ್ ಹಾರ್ಗ್ರೀವ್, "ಎರಡನ್ನೂ ನೋಡೇ ಬಿಡೋಣ," ಅಂದರು. ಏಪ್ರಿಲ್ ಹನ್ನೊಂದರಿಂದ ನಾಲ್ಕು ದಿನ 'ಹಸಿರು ಗಿಳಿ', ಆಮೇಲೆ ಎರಡು ದಿನ ನಮ್ಮಲ್ಲಿ. ಊರಿಗೆ ಮರಳಿದ ಮೇಲೆ ಒಂದನ್ನು ಆರಿಸುತ್ತಾರಂತೆ. ಅದನ್ನು ಇಂಗ್ಲೆಂಡಿನ ಎಲ್ಲ ಗುಂಪುಗಳಿಗೂ ಬರೆದು ತಿಳಿಸುತ್ತಾರೆ. ಮುಂದೆ ವರ್ಷವಿಡೀ ಜನ ಬರಬಹುದು.

ನಾನು ಬರುತ್ತಿಲ್ಲ. ಮೊಣಕಾಲು ನೋವು. ಗುಡ್ಡ ಹತ್ತಲಾರೆ.

ಹೆಚ್ಚೇನೂ ಮಾಡಬೇಡ. ಜನರೇಟರ್ ಬಚ್ಚಿಡು. ನೀನು ದಿನವೂ ಹೇಗಿರುತ್ತೀಯೋ ಹಾಗಿರು. ಬಾಯೊಂದನ್ನು ಸ್ವಲ್ಪ ಬಿಗಿಹಿಡಿ.

ಲಾಲಿ


ಮಾರ್ನ್ ಸಿಟ್ರೋನ್
20 ಏಪ್ರಿಲ್ 1996

ಲಾಲಿ,

ಬಂದರು, ಹೋದರು. ಕೂತುಕೊಂಡು ಓದು. ನಿಂತು ಓದಿದರೆ ನಿನ್ನ ಆ ಮೊಣಕಾಲು ನೋಯುತ್ತದೆ.

ನಮ್ಮಲ್ಲಿಗೆ ಹದಿನೈದಕ್ಕೆ ಬರಬೇಕಾದವರು ಹದಿಮೂರಕ್ಕೇ ಬಂದರು. ಏನಾಯಿತೆಂದರೆ, ವಿನ್ಸ್ಲೋ ತನ್ನ ಹೋಟೆಲು ಹಸಿರು ಎಂದು ತೋರಿಸಲು ಎಲ್ಲದಕ್ಕೂ ಹಸಿರು ಬಣ್ಣ ಹೊಡೆಸಿದ್ದ. ಗೋಡೆ ಹಸಿರು, ಟವೆಲು ಹಸಿರು, ಬಡಿಸುವ ಹುಡುಗಿಯರ ಲಂಗ ಹಸಿರು. ಪ್ರತಿ ಕೋಣೆಯಲ್ಲೂ ಒಂದು ಚೀಟಿ: 'ಭೂಮಿಯನ್ನು ಉಳಿಸಿ, ಟವೆಲನ್ನು ಒಗೆಯಲು ಹಾಕಬೇಡಿ.' ಮೊದಲ ದಿನ ಎಲ್ಲರಿಗೂ ಸಂತೋಷವಾಯಿತಂತೆ. ಎರಡನೆಯ ದಿನ ನಿಮ್ಮ ಅಧ್ಯಕ್ಷೆ ಅಡುಗೆಮನೆಯ ಹಿಂದೆ ದಪ್ಪನೆಯ ಕೊಳವೆಯೊಂದನ್ನು ಕಂಡರು. "ಇದು ಎಲ್ಲಿಗೆ ಹೋಗುತ್ತದೆ?" ಎಂದು ವಿನ್ಸ್ಲೋನನ್ನು ಕೇಳಿದರು.

"ದೂರ ಹೋಗುತ್ತೆ, ಮೇಡಂ," ಅಂದನಂತೆ.

ಮೂರನೆಯ ದಿನ ಬೆಳಿಗ್ಗೆ ಆ ಮುದುಕಿ ರಬ್ಬರ್ ಬೂಟು ಹಾಕಿಕೊಂಡು, ಕೋಲು ಹಿಡಿದು, ಕೊಳವೆಯ ಜೊತೆಗೇ ನಡೆಯತೊಡಗಿದರು. ಬಾಳೆತೋಟ ದಾಟಿ, ಬಿದಿರ ಮೆಳೆ ದಾಟಿ, ಹೊಳೆಯ ದಂಡೆ ತಲುಪಿದರು. ಕೊಳವೆಯ ಬಾಯಿ ಕಂಡಿತು. ಬಗ್ಗಿ ನೋಡಿದರು, ಕಾಲು ಜಾರಿತು. ಮುಂದಿನದನ್ನು ನಾನು ಬಿಡಿಸಿ ಬರೆಯುವುದಿಲ್ಲ. ಸೆಪ್ಟಿಮಸ್ ಅಲ್ಲೇ ಬಿದಿರು ಕಡಿಯುತ್ತಿದ್ದ. ಅವನು ಕೈ ಹಿಡಿದು ಎಳೆದು ದಂಡೆಗೆ ಹತ್ತಿಸಿದ.

"ನಿಮ್ಮನ್ನ ಹೋಟೆಲಿಗೆ ಬಿಡ್ಲಾ ತಾಯಿ?" ಅಂದನಂತೆ.

"ಆ ಹೋಟೆಲು ನನ್ನ ಮೈಮೇಲೇ ಇದೆ. ಬೇರೆ ಎಲ್ಲಿಗಾದರೂ ಕರೆದುಕೊಂಡು ಹೋಗಿ," ಅಂದರಂತೆ.

ಹೀಗೆ ನಿಮ್ಮ ಅಧ್ಯಕ್ಷೆ ನಮ್ಮ ಅಂಗಳಕ್ಕೆ ಬಂದರು. ನಾನು ಕೆಸುವಿನ ಗೆಡ್ಡೆ ಸುಲಿಯುತ್ತಿದ್ದೆ. ಯಾರು, ಏನು ಎಂದು ಕೇಳುವ ಹೊತ್ತಲ್ಲ ಅದು. ವಾಸನೆಯೇ ಎಲ್ಲ ಹೇಳುತ್ತಿತ್ತು. ಆ ಬಿಳಿ ತೊಟ್ಟಿ ಲಿಂಬೆ ಗಿಡದ ಕೆಳಗೆ ಇತ್ತಲ್ಲ, ಅದಕ್ಕೆ ಬುಗ್ಗೆಯ ನೀರು ತುಂಬಿ, ಎರಡು ಕೊಡ ಬಿಸಿನೀರು ಸುರಿದು, ಘಮಘಮಿಸುವ ಬೇ ಎಲೆ ಕಿವುಚಿ ಹಾಕಿ, ನಾಲ್ಕೂ ಕಡೆ ಅಗಲದ ಹೊದಿಕೆ ಕಟ್ಟಿ, "ಇಳೀರಿ" ಅಂದೆ. ಬೆನ್ನು ಉಜ್ಜಿದೆ. ತಲೆಗೆ ಮೂರು ಸಲ ಸೋಪು ಹಾಕಿದೆ. ಇಂಗ್ಲೆಂಡಿನವರ ಬೆನ್ನೂ ನಮ್ಮ ಹಾಗೇ ಇರುತ್ತದೆ ಲಾಲಿ, ಕೈ ಎಟುಕದ ಕಡೆ ಕೊಳೆ.

ಅರ್ಧ ಗಂಟೆ ಕುತ್ತಿಗೆಯ ತನಕ ಮುಳುಗಿಕೊಂಡೇ ಇದ್ದರು. ಆಮೇಲೆ ಕಣ್ಣು ಮುಚ್ಚಿಕೊಂಡೇ, "ಇದು ಬುಗ್ಗೆಯ ನೀರೇ?" ಎಂದು ಕೇಳಿದರು.

"ಹೌದು. ಬಿಸಿ ಬೇರೆ, ತಣ್ಣಗೆ ಬೇರೆ ಬರುತ್ತೆ ಅಂತ ಬರೆದಿದ್ದೆ. ಅದು ಸುಳ್ಳು," ಅಂದೆ.

"ಹಲ್ಲಿಗಳು?"

"ತಲೆ ಎತ್ತಿ ನೋಡಿ."

ಅಂದು ಮಧ್ಯಾಹ್ನವೇ ಉಳಿದ ಒಂಬತ್ತು ಮಂದಿಯೂ ಗಂಟುಮೂಟೆ ಹೊತ್ತು ಹತ್ತಿ ಬಂದರು. ನಾಲ್ಕು ಕೋಣೆಗೆ ಹತ್ತು ಜನ. ಜಗಲಿಯ ಮೇಲೂ ಮಲಗಿದರು. ದೀವಿಹಲಸನ್ನು ಕೆಂಡದಲ್ಲಿ ಸುಟ್ಟು ಕೊಟ್ಟೆ, ಕೆಸುವಿನ ಎಲೆಯ ಸಾರು ಮಾಡಿದೆ, ತಟ್ಟೆ ನೆಕ್ಕಿದರು. ಒಬ್ಬಾಕೆ ಬಚ್ಚಲಿನ ನೀರು ಬಾಳೆಗೆ ಹೋಗುವುದನ್ನು ನೋಡಿ ಫೋಟೋ ತೆಗೆದುಕೊಂಡಳು. ಇಷ್ಟು ವರ್ಷ ನಾಚಿಕೆಪಟ್ಟು ಮುಚ್ಚಿಡುತ್ತಿದ್ದುದಕ್ಕೆಲ್ಲ ಈ ಜನ ಕೈ ಮುಗಿಯುತ್ತಾರೆ. ಜನರೇಟರನ್ನು ಕೋಳಿಗೂಡಿನಲ್ಲಿ ಬಚ್ಚಿಟ್ಟಿದ್ದೆ. ಸೆಪ್ಟಿಮಸ್‌ಗೆ ತಡೆಯಲಾಗಲಿಲ್ಲ. ಅತಿಥಿಗಳಿಗೆ ಸಂತೋಷವಾಗಲಿ ಎಂದು ಊಟದ ಹೊತ್ತಿಗೆ ಸರಿಯಾಗಿ ಅದನ್ನು ಓಡಿಸಿಬಿಟ್ಟ. ಹತ್ತು ಮಂದಿಯೂ ಒಟ್ಟಿಗೆ ಎದ್ದು ನಿಂತರು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ನಾನು ಎಲ್ಲವನ್ನೂ ಹೇಳಿದೆ. ಹಾಳೆಗೆ ಸುಳ್ಳು ಬರೆದದ್ದು, ಯಾಕೆ ಬರೆದದ್ದು, ಯೂಲಾಲಿ ನನ್ನ ತಂಗಿ ಎಂಬುದು.

ಮಿಸೆಸ್ ಹಾರ್ಗ್ರೀವ್ ನಗಲಿಲ್ಲ. "ಅದು ನನಗೆ ತೊಟ್ಟಿಯಲ್ಲಿದ್ದಾಗಲೇ ಗೊತ್ತಾಯಿತು," ಅಂದರು. "ಯೂಲಾಲಿಯೂ ಬೈಯುತ್ತಲೇ ಉಪಚಾರ ಮಾಡುತ್ತಾಳೆ."

ಸೋಮವಾರ ವಿನ್ಸ್ಲೋ ಕಾಗದ ಹಿಡಿದು ಬಂದ. ಬೆವರುತ್ತಿದ್ದ. "ಅತ್ತೆ, ಈಸ್ಟರ್ ಆಯ್ತಲ್ಲ," ಅಂದ. ಮಿಸೆಸ್ ಹಾರ್ಗ್ರೀವ್ ಕನ್ನಡಕ ಹಾಕಿಕೊಂಡು, "ನೋಡಬಹುದೇ?" ಎಂದು ಕೈ ಚಾಚಿದರು. ನನಗೆ ಅಷ್ಟು ಸಣ್ಣಕ್ಷರ ಕಾಣುವುದಿಲ್ಲ, ಯಾರಿಂದಲೂ ಓದಿಸಿರಲಿಲ್ಲ. ಅವರು ಒಂದೊಂದು ಸಾಲೂ ಓದಿ, ಮೂರನೆಯ ಪುಟದಲ್ಲಿ ಬೆರಳಿಟ್ಟರು. 'ಬುಗ್ಗೆ ಮತ್ತು ಅದರ ನೀರಿನ ಸಕಲ ಹಕ್ಕು' ಎಂದಿತ್ತು. ಇಡೀ ಮಾರ್ನ್ ಸಿಟ್ರೋನ್ ಕುಡಿಯುವ ನೀರು, ಲಾಲಿ.

"ಬರೀ ಕಲ್ಲು ಅಂದಿದ್ದೆಯಲ್ಲೋ," ಅಂದೆ.

"ಅದು ವಕೀಲರು ಬರೆಯೋ ರೂಢಿ, ಅತ್ತೆ."

"ಹಾಗಾದ್ರೆ ವಕೀಲರನ್ನೇ ಅತ್ತೆ ಅನ್ನು. ಇಳಿಯೋವಾಗ ಜೋಪಾನ, ದಾರಿ ಜಾರುತ್ತೆ."

ರುಜು ಹಾಕಲಿಲ್ಲ. ಹಾಕುವುದೂ ಇಲ್ಲ.

ಈಗ ಮುಖ್ಯ ಮಾತು. ಹೊರಡುವ ಹಿಂದಿನ ದಿನ ಮಿಸೆಸ್ ಹಾರ್ಗ್ರೀವ್ ಮತ್ತು ನಾನು ಜಗಲಿಯ ಮೇಲೆ ಕೋಕೋ ಕುಡಿಯುತ್ತ ಕೂತಿದ್ದೆವು. ನಿನ್ನ ಮಾತು ಬಂತು. "ಅಮ್ಮ ತೀರಿಕೊಂಡಾಗ ಲಾಲಿಗೆ ಆಸ್ಪತ್ರೆಯವರು ರಜೆ ಕೊಡಲಿಲ್ಲ, ಕಟುಕರು," ಅಂದೆ. ಅವರು ಬಟ್ಟಲು ಕೆಳಗಿಟ್ಟರು. ಆಮೇಲೆ ಹೇಳಿದರು. ಹದಿನೈದು ದಿನ ರಜೆ ಕೊಟ್ಟಿದ್ದರಂತೆ. ಟಿಕೇಟೂ ಕೈಯಲ್ಲಿತ್ತಂತೆ. ನೀನು ಪೆಟ್ಟಿಗೆ ಕಟ್ಟಿ ಬಾಗಿಲ ಹತ್ತಿರ ಇಟ್ಟು, ಅದರ ಪಕ್ಕದ ಕುರ್ಚಿಯಲ್ಲಿ ಕೋಟು ಹಾಕಿಕೊಂಡೇ ಕೂತುಬಿಟ್ಟೆಯಂತೆ. ವಿಮಾನ ಹೋಯಿತು. ಹದಿನೈದು ದಿನವೂ ಹಾಗೇ ಕಳೆಯಿತು. ಆಗಲೇ ಚರ್ಚಿನ ಪರಿಚಯವಿದ್ದ ಇವರು ದಿನಾ ಸೂಪು ತಂದು ಕೊಡುತ್ತಿದ್ದರಂತೆ.

ಹನ್ನೆರಡು ವರ್ಷ ನಾನು ಆ ಆಸ್ಪತ್ರೆಗೆ ಶಾಪ ಹಾಕಿದ್ದೇನೆ ಲಾಲಿ. ಹೆಸರು ಹಿಡಿದು, ಚರ್ಚಿನಲ್ಲಿ ಮಂಡಿಯೂರಿ. ನನ್ನ ಪರವಾಗಿ ಅಲ್ಲಿಗೆ ಹೋಗಿ ಕ್ಷಮೆ ಕೇಳಿ ಬಾ.

ನಿನ್ನ ಮೊಣಕಾಲಿನ ವಿಷಯವೂ ವಿಚಾರಿಸಿದೆ. ಗುರುವಾರ ಗುರುವಾರ ಸಭೆ ಮುಗಿದ ಮೇಲೆ ಅದೇ ಕಾಲಿನಲ್ಲಿ ಕುಣಿಯುತ್ತೀಯಂತೆ.

ಫೊನ್ಸಿನ್


ಬ್ರಾಡ್‌ಫರ್ಡ್
6 ಮೇ 1996

ಅಕ್ಕ,

ನಾಲ್ಕು ಸಲ ಬರೆದು ಹರಿದು ಹಾಕಿದೆ. ಇದು ಐದನೆಯದು. ಇದನ್ನು ಓದಿ ನೋಡದೆ ಅಂಚೆಗೆ ಹಾಕುತ್ತೇನೆ.

ನಾನು ಹೊರಟಾಗ ಅಮ್ಮ, "ಎರಡು ವರ್ಷ ಅಷ್ಟೇ ತಾನೇ," ಅಂದಿದ್ದಳು. "ಅಷ್ಟೇ" ಅಂದಿದ್ದೆ. ಹದಿಮೂರು ವರ್ಷ ಕಳೆದು ಬರೀ ಶವಪೆಟ್ಟಿಗೆ ನೋಡುವುದಕ್ಕೆ ಬಂದೆಯಾ ಎಂದು ಜನ ಕೇಳುತ್ತಾರೆ ಅನ್ನಿಸಿತು. ಜನರಲ್ಲ, ನೀನು ಕೇಳುತ್ತೀ ಅನ್ನಿಸಿತು. ಎದ್ದು ನಿಲ್ಲಲು ಆಗಲಿಲ್ಲ. ಆಮೇಲೆ ದಿನ ಕಳೆದಷ್ಟೂ ಬರುವುದು ಕಷ್ಟವಾಯಿತು. ಕೊನೆಗೆ ನನ್ನ ಬದಲು ಮನೆಗೆ ಬೇರೆಯವರನ್ನು ಕಳಿಸಿದೆ.

ಸಮಿತಿ ಎಲ್ಲರೂ ಒಪ್ಪಿ ನಮ್ಮ ಮನೆಯನ್ನೇ ಆರಿಸಿದೆ. ಜುಲೈನಲ್ಲಿ ಇಲ್ಲೇ ಪಕ್ಕದ ಊರು ಹ್ಯಾಲಿಫ್ಯಾಕ್ಸ್‌ನಿಂದ ಎಂಟು ಮಂದಿ ಬರುತ್ತಾರೆ. ಮಿಸೆಸ್ ಹಾರ್ಗ್ರೀವ್ ನಿಮ್ಮ ಸರ್ಕಾರಕ್ಕೆ ಆ ಕೊಳವೆಯ ಬಗ್ಗೆ ಹನ್ನೊಂದು ಪುಟದ ಕಾಗದ ಬರೆದಿದ್ದಾರೆ.

ಅಷ್ಟು ಜನಕ್ಕೆ ಅಡುಗೆ ನಿನ್ನೊಬ್ಬಳಿಂದ ಆಗದು. ನಾನು ಆಸ್ಪತ್ರೆಯಲ್ಲಿ ದಿನಕ್ಕೆ ನಾಲ್ಕುನೂರು ಜನಕ್ಕೆ ಅಡುಗೆ ಮಾಡಿದವಳು. ಬೇಕಾದರೆ ಬರುತ್ತೇನೆ. ಬೇಡವೆಂದರೂ ತಿಳಿಸು.

ಲಾಲಿ


ಮಾರ್ನ್ ಸಿಟ್ರೋನ್
20 ಮೇ 1996

ಲಾಲಿ,

ಆಸ್ಪತ್ರೆಯ ಅಡುಗೆ ಇಲ್ಲಿ ಯಾರಿಗೂ ಬೇಡ. ಬಂದು ಮೊದಲು ಕಲಿತುಕೋ.

ಫೊನ್ಸಿನ್


ಮಾರ್ನ್ ಸಿಟ್ರೋನ್
7 ಜುಲೈ 1996

ಪ್ರಿಯ ಡೋರೀನ್,

ತಲುಪಿದೆ ಎಂದು ತಿಳಿಸಲು ಬರೆಯುತ್ತಿದ್ದೇನೆ.

ವಿಮಾನ ಇಳಿದಾಗ ಯಾರೂ ಬಂದಿರಲಿಲ್ಲ. ಬಸ್ಸು ಹಿಡಿದೆ, ಆಮೇಲೆ ನಡೆದೆ. ಅಕ್ಕ ಹಿತ್ತಲಲ್ಲಿ ಗೆಣಸಿಗೆ ಏರಿ ಹಾಕುತ್ತಿದ್ದಳು. ಎಷ್ಟು ಸಣ್ಣಗಾಗಿದ್ದಾಳೆಂದು ನೀವು ಹೇಳಿರಲಿಲ್ಲ. ನಾನು ಬೇಲಿಯ ಹತ್ತಿರ ನಿಂತೆ. ಅವಳು ತಲೆ ಎತ್ತದೆ, "ಪೆಟ್ಟಿಗೆ ನೆಲದ ಮೇಲೆ ಇಡ್ಬೇಡ, ಇರುವೆ ಇದೆ," ಅಂದಳು. ಇಪ್ಪತ್ತೈದು ವರ್ಷದ ಮೇಲೆ ನಮ್ಮ ಮೊದಲ ಮಾತು ಅದು.

ಊಟ ಹಾಕಿದಳು. ನನ್ನ ಕೋಟನ್ನು ಮೂಸಿ ನೋಡಿ ಬಿಸಿಲಿಗೆ ಹಾಕಿದಳು. ಹ್ಯಾಲಿಫ್ಯಾಕ್ಸ್‌ನವರು ಯಾವ ಕೋಣೆಯಲ್ಲಿ, ಯಾರು ಏನು ತಿನ್ನುವುದಿಲ್ಲ ಎಂದೆಲ್ಲ ಮಾತಾಡಿದಳು. ಬೇರೇನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಅನ್ನಿಸುತ್ತಿತ್ತು.

ಮರುದಿನ ಬೆಳಿಗ್ಗೆ ಒಂದು ಕತ್ತಿ ನನ್ನ ಕೈಗೆ ಕೊಟ್ಟು, "ನಡಿ," ಅಂದಳು. ಚರ್ಚಿನ ಹಿಂದಿನ ಇಳಿಜಾರಿಗೆ ಹೋದೆವು. ಅಮ್ಮನ ಗೋರಿಯ ಸುತ್ತ ಹುಲ್ಲು ಬೆಳೆದಿತ್ತು. ಇಬ್ಬರೂ ಕೂತು ಸವರಿದೆವು. ನನಗೆ ರೂಢಿ ತಪ್ಪಿದೆ, ಅಕ್ಕ ಎರಡು ಸಲ ಬೈದಳು. ಎಲ್ಲ ಚೊಕ್ಕಟವಾದ ಮೇಲೆ ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಒಂದು ಮಾತೂ ಬರಲಿಲ್ಲ ಡೋರೀನ್. ದಾರಿಯುದ್ದಕ್ಕೂ, ವಿಮಾನದಲ್ಲೂ, ಏನೇನೋ ಸಿದ್ಧ ಮಾಡಿಕೊಂಡಿದ್ದೆ.

ಅಕ್ಕ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಗೋರಿಯ ಕಲ್ಲು ಒರೆಸಿದಳು. ಒರೆಸುತ್ತಲೇ, ಪಕ್ಕದ ಕೋಣೆಯಲ್ಲಿರುವವರಿಗೆ ಹೇಳುವ ಹಾಗೆ ಹೇಳಿದಳು:

"ಅಮ್ಮಾ, ಲಾಲಿ ಬಂದಿದಾಳೆ. ದಾರೀಲಿ ಸ್ವಲ್ಪ ತಡ ಆಯ್ತಂತೆ. ಏನೂ ಅನ್ಬೇಡ, ಸುಸ್ತಾಗಿದಾಳೆ."

ಯೂಲಾಲಿ